ತೊಂಬತ್ತೆರಡನೆಯ ದಿನ

"ರಜೆ ಯಾರಿಗೆ ಸಿಗ್ತಿಲ್ಲ ಅಂದ್ರಿ?" ಕಣ್ಣಾಸ್ಪತ್ರೆಯ ಹೆಂಗಸು ಫೋನಿನಲ್ಲಿ ಮತ್ತೆ ಕೇಳಿದಳು.

"ನನಗೆ," ಎಂದಳು ಮಗಳು. "ಅಮ್ಮನ ಜೊತೆ ಬರೋಕೆ ಬೇರೆ ಯಾರೂ ಇಲ್ಲ. ಮುಂದಿನ ತಿಂಗಳೂ ಆಗಲ್ಲ. ಅದರಾಚೆ ತಿಂಗಳು ಇಪ್ಪತ್ತಾರಕ್ಕೆ ಬರ್ತೀವಿ."

"ಪೊರೆ ಬಲಿತಿದೆ, ತಡ ಬೇಡ ಅಂತ ಡಾಕ್ಟರು ಬರೆದಿದಾರಲ್ಲ."

"ಗೊತ್ತು. ಏನು ಮಾಡೋದು ಹೇಳಿ, ಡಿಪೋದವರು ಬಿಡಬೇಕಲ್ಲ."

ಫೋನಿಟ್ಟಳು. ಬಸ್ ಡಿಪೋದಲ್ಲಿ ಯಾರಿಗೆ ಯಾವ ಪಾಳಿ, ಯಾರಿಗೆ ಯಾವತ್ತು ರಜೆ ಎಂಬ ಪಟ್ಟಿ ಬರೆಯುವವಳು ಅವಳೇ. ನೂರಾ ನಲವತ್ತು ಚಾಲಕರ ರಜೆ ಅವಳ ಪೆನ್ನಿನ ತುದಿಯಲ್ಲಿತ್ತು. ತನ್ನದೂ.

ಇನ್ನೊಂದು ಪಟ್ಟಿ ಬೀರುವಿನ ಬಾಗಿಲ ಒಳಮೈಗೆ ಅಂಟಿಕೊಂಡಿತ್ತು. ಅದು ಅವಳು ಮೊಬೈಲಿನಲ್ಲಿ ಆಡುವ ಆಟದ್ದು. ಒಂದು ಸೀಸನ್ ಎಂದರೆ ಹದಿಮೂರು ವಾರ, ತೊಂಬತ್ತೊಂದು ದಿನ. ದಿನಕ್ಕೆ ಮೂರು ಕೋಟೆ ಗೆಲ್ಲಬೇಕು. ಆರನೆಯ ವಾರ ಪೂರ್ತಿ ಡಬಲ್ ಪಾಯಿಂಟ್. ಕೊನೆಯ ಹತ್ತು ದಿನ ರೆಪ್ಪೆ ಮಿಟುಕಿಸುವಂತಿಲ್ಲ. ಮೊದಲ ನೂರು ಮಂದಿಗೆ ಬೆಳ್ಳಿ ರೆಕ್ಕೆಯ ಕುದುರೆ. ಸೀಸನ್ ಮುಗಿದ ಮೇಲೆ ತಲೆಕೆಳಗಾದರೂ ಸಿಗದು. ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿದ ಕಥೆಗಳಲ್ಲಿ ಇಂಥದ್ದೇ ಕುದುರೆಗಾಗಿ ರಾಜಕುಮಾರರು ಏಳು ಸಮುದ್ರ ದಾಟುತ್ತಿದ್ದರು. ಅಷ್ಟು ದಿನ ಅವರ ಅಮ್ಮಂದಿರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಅಜ್ಜಿ ಹೇಳಿರಲಿಲ್ಲ.

ಬೆಳಗಿನ ಐದರ ಪಾಳಿಗೆ ತನ್ನನ್ನೇ ಹಾಕಿಕೊಂಡಿದ್ದಳು. ಮಧ್ಯಾಹ್ನ ಎರಡಕ್ಕೆ ಕೋಣೆಯ ಬಾಗಿಲು ಮುಚ್ಚಿದರೆ ಮುಗಿಯಿತು. ಅಮ್ಮನಿಗೆ ಹೇಳಿದ್ದು, ಡಿಪೋದ ಕೆಲಸ ಮನೆಗೂ ಬರುತ್ತದೆ ಎಂದು. ಹಲ್ಲು ಕೀಳಿಸುವುದು, ಗೆಳತಿಯ ಮಗುವನ್ನು ನೋಡಿಬರುವುದು, ಅಮ್ಮನ ಕಣ್ಣು, ಎಲ್ಲವೂ ತೊಂಬತ್ತೊಂದನೆಯ ದಿನದ ಆಚೆಗೆ ಸಾಲುಗಟ್ಟಿ ನಿಂತಿದ್ದವು.

"ರಜೆ ಸಿಗಲಿಲ್ಲಮ್ಮ."

"ಸರಿ ಬಿಡು. ಕಣ್ಣೇನು ಕಾಲು ಮೂಡಿ ಓಡಿಹೋಗುತ್ತಾ," ಎಂದಳು ಅಮ್ಮ. "ದಾರ ಪೋಣಿಸಿಕೊಟ್ಟು ಹೋಗು."

ಅಮ್ಮ ದರ್ಜಿಯಂಗಡಿಯ ಬಟ್ಟೆಗಳಿಗೆ ಮನೆಯಲ್ಲೇ ಕೂತು ಹುಕ್ಕು, ಗುಂಡಿ ಹೊಲಿಯುವವಳು. ದಿನವೂ ಮಗಳು ಹತ್ತು ಸೂಜಿಗಳಿಗೆ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಡಬೇಕು. ಮರುದಿನದ ಹೊಲಿಗೆ ನಡೆಯುವುದು ಅದರಿಂದಲೇ. ನಾಲ್ಕು ನಿಮಿಷದ ಕೆಲಸ. ಆ ನಾಲ್ಕು ನಿಮಿಷವೂ ಪಟ್ಟಿಯಲ್ಲಿತ್ತು.

ಆರನೆಯ ವಾರ ಬಂತು. ಅಮ್ಮ ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡತೊಡಗಿದಳು. ಬೆಳಕು ಚುಚ್ಚುತ್ತದೆ ಎಂದಳು. ಪಕ್ಕದ ಮನೆಯ ಚಿಕ್ಕಮ್ಮ ಊಟದ ಡಬ್ಬಿ ತಂದಿಟ್ಟು ಕೋಣೆಯೊಳಗೆ ಇಣುಕಿದರು.

"ನಿಮ್ಮಮ್ಮನ ಕಣ್ಣಿನ ಮಾತು ಹಾಗಿರಲಿ. ನಿನ್ನದೊಂದು ಸಲ ತೋರಿಸ್ಕೋಬಾರದಾ?"

"ನಂಗೇನಾಗಿದೆ ಚಿಕ್ಕಮ್ಮ, ಎಲ್ಲಾ ಸರಿಯಾಗೇ ಕಾಣುತ್ತೆ," ಎಂದಳು, ಪರದೆಯಿಂದ ತಲೆ ಎತ್ತದೆ.

"ಹೌದಾ? ಸಂತೋಷ."

ಆ ವಾರದ ನಂತರ ಅಮ್ಮ ದಾರ ಪೋಣಿಸಿಕೊಡು ಎನ್ನುವುದನ್ನೇ ಬಿಟ್ಟಳು. ಮೊದಲ ದಿನ ಮಗಳಿಗೆ ನಾಲ್ಕು ನಿಮಿಷ ಉಳಿಯಿತೆಂದು ಹಿಗ್ಗು. ಎರಡನೆಯ ದಿನ ಏನೋ ಚುಚ್ಚಿತು.

"ಸೂಜಿ ಕೊಡಮ್ಮ."

"ಬೇಡ. ನೀನು ನಿನ್ನ ಕೆಲಸ ನೋಡ್ಕೋ ಹೋಗು."

ದರ್ಜಿಯಂಗಡಿಯಿಂದ ಬಂದ ಗಂಟು ಎರಡೇ ದಿನಕ್ಕೆ ವಾಪಸ್ಸು ಹೋಯಿತು. ಮೊದಲಾದರೆ ವಾರವಿಡೀ ಮೂಲೆಯಲ್ಲಿರುತ್ತಿತ್ತು. ಹೊಲಿಯಲಾರೆನೆಂದು ಹಿಂದಿರುಗಿಸಿದ್ದಾಳೆ, ಅಷ್ಟೂ ಕಾಣುತ್ತಿಲ್ಲ ಎಂದುಕೊಂಡಳು ಮಗಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅಂದಿನಿಂದ ಅಮ್ಮನ ಮುಖ ನೋಡಿ ಮಾತಾಡಲು ಅವಳಿಗೆ ಆಗಲಿಲ್ಲ. ಪಾದ ನೋಡಿಕೊಂಡು ಮಾತಾಡಿದಳು.

ಹತ್ತನೆಯ ವಾರದ ಕೊನೆಗೆ ಡಿಪೋದಲ್ಲಿ ಹಿರಿಯ ಚಾಲಕನೊಬ್ಬ ಮೇಜಿನ ಮುಂದೆ ಬಂದು ನಿಂತ.

"ಮೇಡಂ, ಅತ್ತೆಗೆ ಕಣ್ಣಿನ ಆಪರೇಷನ್. ಎರಡು ದಿನ ಬೇಕಿತ್ತು."

ಅವಳ ಕಿವಿ ಬಿಸಿಯಾಯಿತು. "ನಾಲ್ಕು ತಗೊಳ್ಳಿ."

"ನೀವು ಹೆತ್ತವರ ಬೆಲೆ ತಿಳಿದವರು ಬಿಡಿ ಮೇಡಂ," ಎಂದ ಅವನು. "ಹಿಂದೆ ಈ ಸೀಟಲ್ಲಿದ್ದವರು, ಮನೇಲಿ ಯಾರು ಸತ್ತರೂ ಒಂದೇ ದಿನ ಕೊಡ್ತಿದ್ರು."

ಅವಳು ಎದ್ದುಹೋಗಿ ಮುಖ ತೊಳೆದಳು. ಕನ್ನಡಿ ನೋಡಲಿಲ್ಲ. ಇವತ್ತೇ ಹೋಗಿ ಹೇಳಿಬಿಡಬೇಕು, ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದುಕೊಂಡಳು. ಬಸ್ಸಿನಲ್ಲಿ ಬರುವಾಗ ಆಟ ತೆರೆದಳು. ನೂರಾ ಹನ್ನೆರಡನೆಯ ಸ್ಥಾನ. ಇನ್ನು ಇಪ್ಪತ್ತೊಂದು ದಿನ.

ಹೇಳಲಿಲ್ಲ.

ಕೊನೆಯ ದಿನ ತೊಂಬತ್ತೇಳನೆಯವಳಾದಳು. ಕುದುರೆ ಬಂತು. ಪರದೆಯ ಮೇಲೆ ಎರಡು ಸಲ ರೆಕ್ಕೆ ಬಡಿದು, ಮಡಚಿಕೊಂಡು, ಸುಮ್ಮನೆ ನಿಂತಿತು. ಅದರ ಮೇಲೇರಿ ಹೋಗಬೇಕಾದ ಊರೇನೂ ಇರಲಿಲ್ಲ.

ತೊಂಬತ್ತೆರಡನೆಯ ದಿನ ಬೆಳಿಗ್ಗೆ ಬಾಗಿಲಿಗೆ ಬಾಡಿಗೆ ಕಾರು ಕರೆಸಿದಳು. ಅಮ್ಮನ ಹಳೆಯ ಚೀಟಿಗಳು, ಟವೆಲ್ಲು, ನೀರಿನ ಬಾಟಲಿ, ಎಲ್ಲ ಚೀಲಕ್ಕೆ ತುಂಬಿ, ಅಮ್ಮನ ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು. ಕಣ್ಣು ಪಾದದ ಮೇಲೆಯೇ ಇತ್ತು.

"ರಜೆ ಸಿಗ್ಲಿಲ್ಲ ಅಂದದ್ದು ಸುಳ್ಳಮ್ಮ. ರಜೆ ಬರೆಯೋಳೇ ನಾನು. ಕೋಣೇಲಿ ಡಿಪೋ ಕೆಲಸಾನೂ ಇರಲಿಲ್ಲ. ಆಟ ಆಡ್ತಿದ್ದೆ. ಒಂದು ಕುದುರೆಗೋಸ್ಕರ ನಿನ್ನ ಕಣ್ಣನ್ನ ಮೂರು ತಿಂಗಳು ಕಾಯಿಸಿಬಿಟ್ಟೆ. ಎಷ್ಟು ಬೈಬೇಕೋ ಬೈದುಬಿಡು, ಆಮೇಲೆ ಹೊರಡೋಣ."

ಅಮ್ಮ ಬೈಯಲಿಲ್ಲ. "ಕಾರಿನವನನ್ನ ಕಳಿಸಿಬಿಡು," ಎಂದಳು.

"ಯಾಕಮ್ಮ? ಇನ್ನೂ ತಡ ಮಾಡಿದ್ರೆ..."

ಅಮ್ಮ ಅವಳ ಗಲ್ಲ ಹಿಡಿದು ಮುಖ ಮೇಲೆತ್ತಿದಳು.

"ಚಿಕ್ಕಮ್ಮನ ಜೊತೆ ಹೋಗಿ ಆಪರೇಷನ್ ಮಾಡಿಸ್ಕೊಂಡು ಏಳು ವಾರ ಆಯ್ತು ಮಗಳೇ. ನೀನಾಗಿ ಒಂದು ಸಲ ನೋಡ್ತೀಯೇನೋ ಅಂತ ಕಾಯ್ತಿದ್ದೆ."