ಭಾನುವಾರದ ಡಬ್ಬಿ

ಹಂಡೆ ಒಲೆಗೆ ತೆಂಗಿನ ಮಟ್ಟೆ ತುರುಕುತ್ತಿದ್ದ ಸುಷ್ಮಿತಾಳ ಕೈ ಅಲ್ಲೇ ನಿಂತಿತು. ಒಳಗೆ ಅಮ್ಮ ಪುಷ್ಪಲತಾ ಮತ್ತೆ ಎರಡು ಪಾತ್ರೆಯಲ್ಲಿ ಕೋಳಿ ಬೇಯಿಸುತ್ತಿದ್ದಳು.

ಒಂದಕ್ಕೆ ಮಸಾಲೆ ಬಿತ್ತು. ಇನ್ನೊಂದಕ್ಕೆ ಖಾರವಿಲ್ಲ, ಉಪ್ಪೂ ಇಲ್ಲ. ಪುಷ್ಪಲತಾ ಅದಕ್ಕೆ ಮೆತ್ತಗಿನ ಅನ್ನ ಕಲಸಿ, ಸ್ಟೀಲ್ ಡಬ್ಬಿಗೆ ತುಂಬಿ, ಬಟ್ಟೆ ಸುತ್ತಿದಳು. ಎರಡು ತಿಂಗಳಿಂದ ಪ್ರತಿ ಭಾನುವಾರ ಇದೇ.

“ನಿಂದು ಮುಚ್ಚಿಟ್ಟಿದೀನಿ. ಮಧ್ಯಾಹ್ನದೊಳಗೆ ಬತ್ತೀನಿ.”

“ಅಮ್ಮ, ಸೈಕಲ್ ಜಾಥಾ...”

“ಬೇಡ ಅಂದ್ನಲ್ಲ. ಬಿಸಿಲು. ನಾಯಿ ಉದ್ಧಾರ ಮಾಡೋಕೆ ಬೇರೆ ಮಕ್ಕಳಿದ್ದಾರೆ.”

ಅಮ್ಮ ಮುಖ ಕೊಟ್ಟು ಮಾತಾಡಲಿಲ್ಲ. ಸುಷ್ಮಿತಾಳ ನಾಲಿಗೆಯ ತುದಿಗೆ ಬಂದ ಪ್ರಶ್ನೆ ಎಂದಿನಂತೆ ಹಿಂದಕ್ಕೆ ಹೋಯಿತು. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಪ್ರಶ್ನೆ ಕೇಳುವ ರೂಢಿಯೇ ತಪ್ಪಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಎಬ್ಬಿಸಬಾರದೆನ್ನುವಂತೆ ಮೆಲ್ಲಗೆ ಓಡಾಡುತ್ತಿದ್ದರು.

ಬಸ್ಸು ಹೊರಟ ಸದ್ದು ಕೇಳಿದ ಮೇಲೆ ಅವಳು ಪಕ್ಕದ ಮನೆಯ ಅಂಕಮ್ಮನ ಹತ್ತಿರ ಸೈಕಲ್ ಕೇಳಿದಳು. ಜಾಥಾ ತಿಪಟೂರಿಗೆ. ಅಮ್ಮನೂ ತಿಪಟೂರಿಗೆ. ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತರೆ, ಅಮ್ಮ ಯಾರ ಜೊತೆ ಬರುತ್ತಾಳೆಂದು ಕಣ್ಣಾರೆ ನೋಡಬಹುದು.

“ತಗೊಂಡೋಗು ಕಣೇ,” ಎಂದಳು ಅಂಕಮ್ಮ, ಸೀಟಿನ ಧೂಳು ಸೆರಗಿನಲ್ಲಿ ಒರೆಸುತ್ತ. “ನಿಮ್ಮಮ್ಮ ಹೊಂಟ್ಲಾ? ಡಬ್ಬಿ ಹಿಡ್ಕೊಂಡೇ? ಹೋಗ್ಲಿ ಬುಡು. ಆ ಕುಡುಕನ್ನ ಕಟ್ಕೊಂಡು ಏನ್ ಸುಖ ಕಂಡ್ಲು? ಇನ್ನಾದ್ರೂ ಒಬ್ರ ಜೊತೆ ನೆಮ್ಮದಿಯಾಗಿರ್ಲಿ. ನಿಂಗೇನು, ಹಾಸ್ಟೆಲ್ ಐತೆ.”

ಹಾಸ್ಟೆಲ್. ಆ ಮಾತು ಸೈಕಲ್ಲಿನ ಜೊತೆಯಲ್ಲೇ ಬಂತು.

ಹಾಲ್ಕುರಿಕೆಯ ಸ್ಕೂಲಿನ ಮುಂದೆ ಡ್ರಿಲ್ ಮೇಷ್ಟ್ರು ಮಲ್ಲೇಶ್ ಅವಳ ಹೆಸರು ಬರೆದುಕೊಂಡು, ಬೀದಿಪ್ರಾಣಿಗಳ ಆಶ್ರಯಕ್ಕೆ ಹಣ ಕೂಡಿಸುವ ಡಬ್ಬವನ್ನು ಮುಂದಿನ ಸೈಕಲ್ಲಿಗೆ ಕಟ್ಟಿದರು.

“ಅಮ್ಮ ಒಪ್ಪಿದ್ರೇನಮ್ಮ?”

“ಹೂಂ ಸಾರ್.”

ಮೂವತ್ತು ಸೈಕಲ್ಲು ಹೊರಟವು. ಜೋಡಿಜೋಡಿ. ಕೊನೆಯಲ್ಲಿ ಸುಷ್ಮಿತಾ ಒಬ್ಬಳೇ.

“ಸಾರ್, ಮೊದ್ಲು ಸುಷ್ಮಿ ಸೈಕಲ್ಲಿಗೆ ಟ್ರೀಟ್‌ಮೆಂಟ್ ಕೊಡ್ಸಿ! ಕುಂಯ್‌ಗುಡ್ತಾ ಐತೆ!” ಎಂದು ಮುಂದಿದ್ದ ಹುಡುಗಿ ಕೂಗಿದಳು. ಎಲ್ಲರೂ ನಕ್ಕರು. ಸುಷ್ಮಿತಾ ಕೂಡ ನಗಬೇಕೆಂದುಕೊಂಡಳು.

ರಸ್ತೆಯ ಎರಡೂ ಕಡೆ ತೆಂಗಿನ ತೋಟ. ಬಿಳಿನೊಣದ ರೋಗ ಬಿದ್ದು ಗರಿಗಳು ಮಸಿ ಬಳಿದಂತಾಗಿದ್ದವು. ಪೆಡಲ್ ತುಳಿಯುತ್ತ ಅವಳು ಲೆಕ್ಕ ಹಾಕಿದಳು. ಖಾರವಿಲ್ಲದ ಊಟ. ವಾಪಸು ಬಂದ ಅಮ್ಮನ ಸೀರೆಗೆ ಡೆಟಾಲ್ ವಾಸನೆ. ಹೋದ ವಾರ ಮುಂಗೈ ಮೇಲೆ ಉಗುರಿನ ಗೀರು. ಯಾರೋ ರೋಗಿ. ಎದ್ದು ಓಡಾಡಲಾರದವನು, ಸಿಡುಕಿನವನು. ವಾಸಿಯಾದ ಮೇಲೆ ಮನೆಗೇ ಬರುತ್ತಾನೆ.

ಹುಣಸೆಮರದ ಸ್ಟಾಪ್ ಬಂದಾಗ ಅವಳು ಇಳಿದು ಸೈಕಲ್ ತಳ್ಳಿಕೊಂಡು ನಡೆದಳು. ಮಲ್ಲೇಶ್ ಮೇಷ್ಟ್ರು ತಿರುಗಿ ನೋಡಿದರು. ಸೈಕಲ್ ನಿಲ್ಲಿಸಿ ಕಾದರು. ಕೊಬ್ಬರಿ ಗೋಡೌನಿನಿಂದ ಮನೆಗೆ ಬರುತ್ತಿದ್ದ ಅಪ್ಪ ಭೀಮರಾಜು ಬೈಕಿನಿಂದ ಬಿದ್ದಿದ್ದು ಇಲ್ಲೇ. ನೇರ ರಸ್ತೆ. ಗುಂಡಿಯಿಲ್ಲ, ತಿರುವಿಲ್ಲ, ಎದುರಿಗೆ ಬಂದ ಗಾಡಿಯಿಲ್ಲ. ಬಟವಾಡೆಯ ಶನಿವಾರ ಬೇರೆ. ಕುಡಿದೇ ಬಿದ್ದ ಅನ್ನೋಕೆ ಊರಿಗೆ ಅಷ್ಟು ಸಾಕಾಗಿತ್ತು.

ತಿಪಟೂರಿನ ಹೊರಗಿನ ಶೆಡ್ಡುಗಳೇ ಆಶ್ರಯ. ಸೈಕಲ್ಲುಗಳು ಒಳಗೆ ನುಗ್ಗುತ್ತಲೇ ನೂರು ನಾಯಿ ಒಟ್ಟಿಗೆ ಬೊಗಳಿದವು. ಮೇಲ್ವಿಚಾರಕ ರುದ್ರೇಶ್ ಮಕ್ಕಳಿಗೆ ಮಜ್ಜಿಗೆ ಹಂಚತೊಡಗಿದ. ಸುಷ್ಮಿತಾ ಮೆಲ್ಲಗೆ ಹಿಂದೆ ಸರಿದಳು. ಈಗ ಜಾರಿಕೊಂಡರೆ ಬಸ್‌ಸ್ಟ್ಯಾಂಡ್ ಹತ್ತು ನಿಮಿಷ.

ಆಗ ಕೊನೆಯ ಬೋನಿನ ಮುಂದೆ ಅಮ್ಮನ ಚಪ್ಪಲಿ ಕಂಡಿತು.

ಅಮ್ಮ ನೆಲದ ಮೇಲೆ ಕೂತಿದ್ದಳು. ಕಂದು ಬಣ್ಣದ, ಮೂರೇ ಕಾಲಿನ ನಾಯಿಯೊಂದು ಅವಳ ಅಂಗೈಯಿಂದ ಅನ್ನ ತಿನ್ನುತ್ತಿತ್ತು.

ಸುಷ್ಮಿತಾಳಿಗೆ ಮೊದಲು ಬಂದದ್ದು ನಗು. ಎರಡು ತಿಂಗಳ ಭಯ ಇಷ್ಟೇನಾ! ಗಂಡಸಿಲ್ಲ, ಹಾಸ್ಟೆಲ್ಲಿಲ್ಲ. ಒಂದು ನಾಯಿ!

ಪುಷ್ಪಲತಾ ತಲೆಯೆತ್ತಿದಳು. ಮುಖದ ಬಣ್ಣ ಇಳಿಯಿತು.

“ನಿಂಗೆ ಹೆಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಕಣೇ,” ಎಂದಳು. “ಇದನ್ನ ಕಂಡ್ರೆ ನೀನು ಸಿಟ್ಟಾಗ್ತೀಯೇನೋ ಅಂತ.”

“ನಾನ್ಯಾಕಮ್ಮ ಸಿಟ್ಟಾಗ್ಲಿ?”

ಮಜ್ಜಿಗೆಯ ಲೋಟ ಹಿಡಿದು ಬಂದ ರುದ್ರೇಶ್ ನಕ್ಕ. “ನಿಮ್ಮ ಮಗಳಾ ಅಕ್ಕ? ನೋಡಮ್ಮ, ಚಂದಾ ಕೇಳೋಕೆ ನಿಮ್ಮೂರಿಗೆ ಬಂದಾಗ ಇದರ ಫೋಟೊ ತೋರಿಸಿ ಕಥೆ ಹೇಳಿದ್ದೆ. ಎಲ್ರೂ ಅಯ್ಯೋ ಪಾಪ ಅಂದ್ರು. ನಿಮ್ಮಮ್ಮ ಒಬ್ರು ಮಾತ್ರ ಅಲ್ಲೇ ಕುಸಿದು ಕೂತ್ರು. ಮುಂದಿನ ಭಾನುವಾರದಿಂದ ಒಂದು ವಾರಾನೂ ತಪ್ಸಿಲ್ಲ.”

ಬೋನಿನ ಬಾಗಿಲಿಗೆ ಒಂದು ರಟ್ಟು ನೇತಾಡುತ್ತಿತ್ತು. ಪ್ರತಿ ಪ್ರಾಣಿಗೂ ಅಂಥದೊಂದು ಇತ್ತು. ಸುಷ್ಮಿತಾ ಅದನ್ನು ಕೈಯಲ್ಲಿ ಹಿಡಿದು ಓದಿದಳು. ಬಂದ ದಿನ: 18-11-2023, ಶನಿವಾರ, ಸಂಜೆ. ಸಿಕ್ಕ ಜಾಗ: ಹುಣಸೆಮರದ ಸ್ಟಾಪ್. ತಂದವರು: ಗೂಡ್ಸ್ ಆಟೊ ಚಾಲಕ. ವಿವರ: ರಸ್ತೆಗೆ ಅಡ್ಡ ಬಂದಾಗ ಸವಾರ ತಪ್ಪಿಸಲು ಹೋಗಿ ಬಿದ್ದು, ಬೈಕಿನಡಿ ನಾಯಿಯ ಕಾಲು ಸಿಲುಕಿದೆ.

ಅದೇ ತಾರೀಖು ಮನೆಯಲ್ಲಿ ಅಪ್ಪನ ಫೋಟೊದ ಕೆಳಗಿತ್ತು.

ನಾಯಿ ತಿನ್ನುವುದನ್ನು ನಿಲ್ಲಿಸಿ, ಕುಂಟುತ್ತ ಬಂದು, ಅವಳ ಪಾದ ಮೂಸಿತು. ಅವಳು ಹಿಂದೆ ಸರಿಯಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತ, ಇಡೀ ಶೆಡ್ಡಿಗೆ ಕೇಳುವಷ್ಟು ಜೋರಾಗಿ ಕೇಳಿದಳು:

“ಹಂಗಾದ್ರೆ ಅಪ್ಪ ಅವತ್ತು ಕುಡಿದೇ ಇರ್ಲಿಲ್ವಾ, ಅಮ್ಮ?”