ತಾತನ ಹೆಸರು

ತೀರಿಕೊಂಡ ಗಂಡನ ನೆನಪುಗಳು ದಿನಕ್ಕೊಂದರಂತೆ ಕ್ಲೌಡಿನಿಂದ ಸಾವಂತ್ರಮ್ಮನ ಫೋನಿಗೆ ಇಳಿದು ಬರುತ್ತಿದ್ದವು. ಎಲ್ಲರ ಮನೆಯ ಸತ್ತವರೂ ಈಗ ಹಾಗೇ ಬರುತ್ತಾರೆ. ಮೊಮ್ಮಗನ ನಾಮಕರಣವಾದ ದಿನದಿಂದ ಅದು ನಿಂತುಹೋಗಿತ್ತು. ಈಗ ಕೂಸು ಆಸ್ಪತ್ರೆಯಲ್ಲಿ ಮಲಗಿದೆ. ಗಂಡನ ದನಿ ಕೇಳಿದರೆ ಧೈರ್ಯ ಬಂದೀತೆಂದು ಅವಳು ಸೇವಾಕೇಂದ್ರಕ್ಕೆ ಬಂದಿದ್ದಳು.

ಅಲ್ಲಿನ ಹುಡುಗಿ ಪರದೆ ನೋಡಿ, "ಮಗೂಗೆ ತಾತನ ಹೆಸರೇ ಇಟ್ರಾ ಅಜ್ಜಿ?" ಎಂದಳು.

"ಇನ್ಯಾರದ್ದು ಇಡ್ತಾರಮ್ಮ? ನನ್ ಬಾಯಲ್ಲಿ ಆ ಹೆಸರು ಬರಲ್ಲ, ಕೂಸನ್ನೂ 'ಯಜಮಾನ' ಅಂತ್ಲೇ ಕರೀತೀನಿ."

"ತೊಡಕಾಗಿರೋದು ಅಲ್ಲೇ. ಅದೇ ಹೆಸರು, ಅದೇ ಮನೆ. ಸತ್ತವರು ಎದ್ದು ಬಂದವ್ರೆ ಅಂದ್ಕೊಂಡು ಕಂಪ್ಯೂಟರು ನೆನಪು ಕಳ್ಸೋದು ನಿಲ್ಸಿದೆ. ಈ ಹೆಸರಿನವರು ಸತ್ತವ್ರೆ ಅಂತ ಇನ್ನೊಂದ್ಸಲ ಹೆಬ್ಬೆಟ್ಟು ಒತ್ತಿ, ಸರಿಹೋಗುತ್ತೆ. ಎಲ್ಲರೂ ಹಂಗೇ ಮಾಡೋದು."

ಸಾವಂತ್ರಮ್ಮ ಹಿಂದೆಮುಂದೆ ನೋಡದೆ ಒತ್ತಿದಳು. ಫೋನಿನೊಳಗೆ ಗಂಡ ಕೆಮ್ಮಿ, "ಕಾಫಿ ಆಯ್ತೇನೇ?" ಎಂದರು. ಅವಳ ಕಣ್ಣು ತುಂಬಿ ಬಂದವು.

ಅಷ್ಟರಲ್ಲಿ ಆ ದನಿಯನ್ನು ತಡೆದು ಆಸ್ಪತ್ರೆಯಿಂದ ಸೊಸೆಯ ಕರೆ ಬಂತು.

"ಅತ್ತೆ, ಮಗೂಗೆ ಹಾಕಿದ್ದ ಉಸಿರಾಟದ ಯಂತ್ರ ತಂತಾನೇ ನಿಂತೋಯ್ತು. ಸತ್ತವರಿಗೆ ಹಾಕಂಗಿಲ್ಲ ಅಂತಿದೆ."