ಹೆಂಡತಿಯ ಶ್ರುತಿ

ಲೈ ಕುವಾನ್ ಮೊಳಕೆಕಾಳಿನ ಬಾಲ ಚಿವುಟುತ್ತಿದ್ದ ಬುಟ್ಟಿಯ ಪಕ್ಕದಲ್ಲೇ ಅವಳ ಗಂಡ ವೆಂಗ್ ಸಿಯೋಂಗ್ ಎರಡು ಪಾಸ್‌ಪೋರ್ಟುಗಳನ್ನು ತಂದಿಟ್ಟ.

"ಮುಂದಿನ ತಿಂಗಳು ನಿಂಗೆ ಎಪ್ಪತ್ತು ತುಂಬುತ್ತೆ. ಮೂರು ದಿನ ಚೀನಾಕ್ಕೆ, ಫೋಶಾನ್‌ಗೆ ಹೋಗ್ತಿದೀವಿ."

"ಹೋಗೋಣವಾ ಅಂತ ಕೇಳ್ತಿಲ್ಲ, ಹೋಗ್ತಿದೀವಿ ಅಂತ ಹೇಳ್ತಿದೀಯ," ಎಂದಳು ಅವಳು ತಲೆಯೆತ್ತದೆ. "ಅಂಗಡಿ?"

"ರಜಾ ಅಂತ ಬೋರ್ಡು ಬರೆಸಿ ಆಯ್ತು."

ಹೊಸವರ್ಷದ ಹಬ್ಬ ಬಿಟ್ಟರೆ ಇಪೋ ಪೇಟೆಯ ಅವರ ಕೋಳಿ ಅನ್ನದ ಅಂಗಡಿ ಬಾಗಿಲು ಹಾಕಿದ್ದೇ ಇಲ್ಲ. ಲೈ ಕುವಾನ್ ಈಗ ತಲೆಯೆತ್ತಿದಳು. "ಅಂಥಾದ್ದೇನಿದೆ ಅಲ್ಲಿ?"

"ಆಟ. ನಮ್ಮ ಕ್ಯಾಂಟನೀಸ್ ಹಾಡು-ಕುಣಿತದ ಆಟ ಹುಟ್ಟಿದ ಊರೇ ಅದು. ದಿನಕ್ಕೊಂದರಂತೆ ಮೂರಕ್ಕೂ ಟಿಕೆಟ್ ತಗೊಂಡಿದೀನಿ."

ಅವಳ ಬೆರಳುಗಳು ನಿಂತವು. ಮದುವೆಗೆ ಮುಂಚೆ ಅವಳು ಊರ ಮೇಳದಲ್ಲಿ ಗಂಡುವೇಷ ಕಟ್ಟುತ್ತಿದ್ದಳು. ಬೆನ್ನಿಗೆ ನಾಲ್ಕು ಬಾವುಟ ಸಿಕ್ಕಿಸಿಕೊಂಡು ಸೇನಾಪತಿಯಾಗಿ ರಂಗಕ್ಕೆ ಬಂದರೆ ಮುದುಕರು ಕೈಯಲ್ಲಿದ್ದ ಚಹಾ ಮರೆಯುತ್ತಿದ್ದರು. ಮದುವೆಯಾದ ತಿಂಗಳಿಗೇ ವೆಂಗ್ ಸಿಯೋಂಗ್, "ನನ್ನ ಹೆಂಡತಿ ಬಣ್ಣ ಬಳ್ಕೊಂಡು ಊರೂರು ಕುಣಿಯೋದು ಬೇಡ," ಎಂದಿದ್ದ. ಅವಳು ಜಗಳವಾಡಿರಲಿಲ್ಲ. ಆದರೆ ಮತ್ತೆ ಹಾಡಲೂ ಇಲ್ಲ, ಮಕ್ಕಳನ್ನು ಮಲಗಿಸುವಾಗ ಕೂಡ. ಕಳೆದ ತಿಂಗಳು ದೇವಸ್ಥಾನದ ಅಂಗಳದಲ್ಲಿ ಆಟ ನಡೆದಾಗ, ಜನರ ಹಿಂದೆ ನಿಂತಿದ್ದ ಅವಳ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದುದನ್ನು ಅವನು ಕಂಡಿದ್ದ. ಅಂದಿನಿಂದ ಅವನಿಗೆ ಅನ್ನ ಸರಿಯಾಗಿ ಇಳಿದಿರಲಿಲ್ಲ.

"ಮುದಿ ಪಿಶಾಚಿ," ಎಂದಳು ಲೈ ಕುವಾನ್. "ನನ್ನ ಬಾಯಿ ಕಟ್ಟಿದವನು ನೀನು. ಈಗ ಬೇರೆಯವರು ಬಾಯಿಬಿಟ್ಟು ಹಾಡೋದನ್ನ ಕೂತು ನೋಡು ಅಂತ ವಿಮಾನ ಹತ್ತಿಸ್ತೀಯಾ? ಇದೇನು ಹುಟ್ಟುಹಬ್ಬವಾ, ಹಳೇ ಹುಣ್ಣು ಕೆರೆಯೋದಾ? ನಾನು ಬರಲ್ಲ." ಒದ್ದೆ ಕೈಯ ಹಿಂಬದಿಯಿಂದ ಪಾಸ್‌ಪೋರ್ಟುಗಳನ್ನು ಆಚೆ ತಳ್ಳಿದಳು.

ಅವನು ಪಾಸ್‌ಪೋರ್ಟುಗಳನ್ನು ಎತ್ತಿ ಜೇಬಿಗಿಟ್ಟ. ಹಿಡಿದ ಪಟ್ಟು ಬಿಡುವವನಲ್ಲ. ಮರುದಿನ ಬೆಳಿಗ್ಗೆ ನೆಟ್ಟಗೆ ಊರ ಚೀನೀಯರ ಸಂಘದ ಮನೆಗೆ ಹೋದ. ಹೆಂಡತಿಯ ಹಳೆಯ ಮೇಳದಲ್ಲಿ ತಂತಿವಾದ್ಯ ನುಡಿಸುತ್ತಿದ್ದ ಎಂಬತ್ತನಾಲ್ಕರ ಸಾಮ್ ಅಲ್ಲಿ ಗೆಳೆಯರೊಡನೆ ಬಿಲ್ಲೆ ಜೋಡಿಸುವ ಮಾಜಾಂಗ್ ಆಡುತ್ತಿದ್ದ.

"ಚಿಕ್ಕಪ್ಪ, ಫೋಶಾನ್‌ನಲ್ಲಿ ಕುವಾನ್‌ಗೆ ಹಾಡೋಕೆ ಒಂದು ಜಾಗ ಬೇಕು. ನೋಡೋಕಲ್ಲ, ಹಾಡೋಕೆ."

"ಐವತ್ತು ವರ್ಷದ ಹಿಂದೆ ನಮ್ಮ ಸೇನಾಪತೀನ ಹೊತ್ಕೊಂಡು ಹೋದ ಕಳ್ಳ ನೀನು! ಈಗ ಮಾಲು ವಾಪಸ್ ಕೊಡೋಕೆ ಬಂದಿದೀಯೇನೋ?"

ಆಟದ ಮೇಜಿನ ಸುತ್ತ ನಗು ಎದ್ದಿತು. ವೆಂಗ್ ಸಿಯೋಂಗ್‌ನ ಕಿವಿಗಳು ಕೆಂಪಾದವು. "ಹೌದು," ಎಂದ, ನಿಂತಲ್ಲಿಂದ ಕದಲದೆ.

ಸಾಮ್ ನಗು ನಿಲ್ಲಿಸಿ ಅವನನ್ನೇ ನೋಡಿದ. ಆಮೇಲೆ ಫೋನು ಕೈಗೆತ್ತಿಕೊಂಡ. ಫೋಶಾನ್‌ನಲ್ಲಿ ಅವನ ಸೋದರಳಿಯನಿದ್ದ. ಭಾನುವಾರ ಬೆಳಿಗ್ಗೆ ನದಿಯ ಪಕ್ಕದ ಆಲದ ಮರದಡಿ ಸೇರುವ ಹವ್ಯಾಸಿಗಳ ಕೂಟಕ್ಕೆ ಪಿಟೀಲು ನುಡಿಸುತ್ತಿದ್ದ. ಧಾರಾಳವಾಗಿ ಬರಲಿ, ಎಂದಿತು ಆ ಕಡೆಯ ದನಿ. ಯಾವ ಪದ ಹಾಡ್ತಾರೆ? ಶ್ರುತಿ ಯಾವುದು? ಏನಂತ ಹೆಸರು ಕೂಗಬೇಕು?

ವೆಂಗ್ ಸಿಯೋಂಗ್ ಸಾಮ್‌ನ ಮುಖ ನೋಡಿದ.

"ನನ್ನ ಮುಖ ಏನು ನೋಡ್ತೀಯ? ಹೆಂಡತಿ ನಿನ್ನವಳು."

"ಶ್ರುತಿ ನಿಮಗೆ ಗೊತ್ತಿರುತ್ತಲ್ಲ."

"ನಂಗೆ ಗೊತ್ತಿರೋದು ಇಪ್ಪತ್ತು ವರ್ಷದ ಹುಡುಗೀದು. ಈಗಿನದನ್ನ ಅವಳನ್ನೇ ಕೇಳು, ಹೋಗು."

ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ಲೈ ಕುವಾನ್ ಮೇಜು ಒರೆಸುತ್ತಿದ್ದಳು. ಅವನು ಒಂದು ಹಾಳೆ ಹಿಡಿದು ಎದುರಿಗೆ ನಿಂತ.

"ಕುವಾನ್, ನಿನ್ನ ಶ್ರುತಿ ಯಾವುದು?"

"ಏನಂದೆ?"

ಅವನು ಭಾನುವಾರದ ಕೂಟದ ಸಂಗತಿ ಹೇಳಿದ. "ಆಟ ನೋಡೋದು ಬೇಡ ಅಂದ್ರೆ ಬಿಡೋಣ, ಟಿಕೆಟ್ ಯಾರಿಗಾದ್ರೂ ಕೊಡೋಣ. ಭಾನುವಾರ ಮಾತ್ರ ಬಿಡೋಕಾಗಲ್ಲ."

"ಗಂಟಲಿಗೆ ತುಕ್ಕು ಹಿಡಿದಿದೆ."

"ಇನ್ನೂ ಇಪ್ಪತ್ತಾರು ದಿನ ಇದೆ."

"ಜನ ನಕ್ಕರೆ?"

"ನಗಲಿ. ತುಕ್ಕು ಹಿಡಿಸಿದವನು ನಾನು ಅಂತ ಹೇಳ್ತೀನಿ."

ಅವಳು ಒರೆಸುವ ಬಟ್ಟೆ ಕೈಯಲ್ಲಿದ್ದಂತೆಯೇ ಬೆನ್ನು ನೆಟ್ಟಗೆ ಮಾಡಿ ಒಂದು ಸ್ವರ ಹಿಡಿದಳು. ಒಡೆಯಿತು. ಕೆಮ್ಮಿ, ಸ್ವಲ್ಪ ಕೆಳಗೆ ಹಿಡಿದಳು. ಕೊನೆಯಲ್ಲಿ ಜಾರಿತು. ಮೂರನೆಯದು ಒರಟಾಗಿತ್ತು, ಆದರೆ ನಿಂತಿತು.

"ಬರ್ಕೋ. ಮೊದಲಿಗಿಂತ ಎರಡು ಸ್ವರ ಕೆಳಗೆ. ಸಾಮ್ ಚಿಕ್ಕಪ್ಪನಿಗೆ ಅರ್ಥವಾಗುತ್ತೆ. ಪದ ಯಾವುದು ಅನ್ನೋದನ್ನ ನಾಳೆ ಹೇಳ್ತೀನಿ."

ಅವನು ಬರೆದುಕೊಂಡ. ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಹೆಸರಿನ ಜಾಗದಲ್ಲಿ ಅವನು 'ವೆಂಗ್ ಸಿಯೋಂಗ್‌ನ ಹೆಂಡತಿ' ಎಂದು ಬರೆದಿದ್ದ. ಅವಳು ಅದರ ಮೇಲೆ ಗೆರೆ ಎಳೆದು, ಕೆಳಗೆ ನಿಧಾನವಾಗಿ ಮೂರು ಚೀನೀ ಅಕ್ಷರ ಬರೆದಳು: ಯೂಕ್ ಫೇ ಯಿಂಗ್. ಅದು ಮೇಳದಲ್ಲಿ ಅವಳಿಗಿದ್ದ ಹೆಸರು. ಆ ಮನೆಯಲ್ಲಿ ಐವತ್ತು ವರ್ಷ ಅದನ್ನು ಯಾರೂ ಉಚ್ಚರಿಸಿರಲಿಲ್ಲ.

ವೆಂಗ್ ಸಿಯೋಂಗ್ ಅದನ್ನು ಮೆಲ್ಲಗೆ, ತನ್ನಷ್ಟಕ್ಕೆ ಓದಿಕೊಂಡ.

"ಗಂಟಲಲ್ಲೇ ನುಂಗಬೇಡ," ಎಂದಳು ಲೈ ಕುವಾನ್. "ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡ್ಕೋ. ಅಲ್ಲಿ ಎಲ್ಲರೆದುರು ಅದನ್ನ ಕೂಗೋದು ನೀನೇ."